ಖಿನ್ನತೆಗೆ ಅಂಕೆ ಬಂದ ಬಗೆ

ಆಸ್ಪತ್ರೆಯ ಕಡತದಲ್ಲಿ ‘ಎಫ್ 33.2’ ಎಂದು ಬರೆದಿದ್ದರೆ ಸಾಮಾನ್ಯರಿಗೆ ಏನೂ ಅರ್ಥವಾಗದು. ಮನೋವೈದ್ಯರಿಗೆ ಮಾತ್ರ ಅದು ಹಲವು ವರ್ಷಗಳ ಸಂಕಟದ ಸಾರಾಂಶ: ರೋಗಿಗೆ ಖಿನ್ನತೆಯಿದೆ, ಅದು ಹಿಂದೆಯೂ ಬಂದಿತ್ತು, ಈ ಸಲ ತೀವ್ರವಾಗಿದೆ, ಆದರೆ ಭ್ರಮೆ, ಭ್ರಾಂತಿಗಳಿಲ್ಲ. ಇಷ್ಟನ್ನೂ ಒಂದು ಅಕ್ಷರ, ಮೂರು ಅಂಕೆಗಳಲ್ಲಿ ಅಡಗಿಸಲು ಸುಮಾರು ನೂರು ವರ್ಷ ಬೇಕಾಯಿತು.

ರೋಗಗಳ ಅಂತರರಾಷ್ಟ್ರೀಯ ಪಟ್ಟಿ ಹುಟ್ಟಿದ್ದೇ ಸಾವಿನ ಲೆಕ್ಕಕ್ಕಾಗಿ. ಫ್ರಾನ್ಸಿನ ಸಂಖ್ಯಾಶಾಸ್ತ್ರಜ್ಞ ಜಾಕ್ ಬರ್ತಿಯೋಂ 1893ರಲ್ಲಿ ಮರಣಕಾರಣಗಳ ಪಟ್ಟಿಯನ್ನು ಮಂಡಿಸಿದರು. ವರ್ಷಗಟ್ಟಲೆ ಬದುಕನ್ನು ಹಿಂಡುವ ಕಾಯಿಲೆಗಳಿಗೆ ಅದರಲ್ಲಿ ತಕ್ಕ ಜಾಗವಿರಲಿಲ್ಲ. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆರನೆಯ ಆವೃತ್ತಿಯ ಹೊಣೆ ಹೊತ್ತಾಗ ಮನೋರೋಗಗಳಿಗೆ ಪ್ರತ್ಯೇಕ ವಿಭಾಗ ದೊರೆಯಿತು.

ಪಟ್ಟಿಯೇನೋ ಬಂತು, ಒಮ್ಮತ ಬರಲಿಲ್ಲ. ನ್ಯೂಯಾರ್ಕಿನ ವೈದ್ಯರು ಸ್ಕಿಜೋಫ್ರೇನಿಯ ಎಂದು ಬರೆಯುತ್ತಿದ್ದ ಎಷ್ಟೋ ರೋಗಿಗಳನ್ನು ಲಂಡನ್ನಿನವರು ಖಿನ್ನತೆ ಅಥವಾ ಉನ್ಮಾದ-ಖಿನ್ನತೆಯ ಕೆಳಗೆ ಸೇರಿಸುತ್ತಿದ್ದರು. ಎರಡೂ ಊರುಗಳ ರೋಗಿಗಳನ್ನು ಒಂದೇ ಬಗೆಯ ಪ್ರಶ್ನೆಗಳಿಂದ ಪರೀಕ್ಷಿಸಿದಾಗ ಅಂತರ ಬಹುಮಟ್ಟಿಗೆ ಮಾಯವಾಯಿತು. ಭೇದವಿದ್ದದ್ದು ರೋಗಿಗಳಲ್ಲಿ ಅಲ್ಲ, ವೈದ್ಯರ ಲೇಖನಿಯಲ್ಲಿ! 1972ರಲ್ಲಿ ಪ್ರಕಟವಾದ ಈ ಅಧ್ಯಯನ, ಸ್ಪಷ್ಟ ನಿಯಮಗಳು ಬೇಕೆಂಬ ವಾದಕ್ಕೆ ಬಲ ಕೊಟ್ಟಿತು.

1990ರಲ್ಲಿ ಅಂಗೀಕೃತವಾದ ಹತ್ತನೆಯ ಆವೃತ್ತಿಯಲ್ಲಿ ಮರುಕಳಿಸುವ ಖಿನ್ನತೆಗೆ ‘ಎಫ್ 33’ ಎಂಬ ಸ್ಥಾನ ಸಿಕ್ಕಿತು. ಕನಿಷ್ಠ ಎರಡು ವಾರಗಳ ಖಿನ್ನತೆ ಎರಡು ಬಾರಿಯಾದರೂ ಬಂದಿರಬೇಕು; ನಡುವೆ ಕೆಲವು ತಿಂಗಳು ಮನಸ್ಸು ನೆಮ್ಮದಿಯಾಗಿರಬೇಕು.

ದಾಖಲೆಯ ಮಹತ್ವವಿರುವುದು ಇಲ್ಲೇ. ತೀವ್ರತೆಯನ್ನು ವೈದ್ಯರು ಎದುರಿಗೇ ಕಂಡಾರು. ಮರುಕಳಿಕೆಯನ್ನು ರೋಗಿಯೋ ಮನೆಯವರೋ ಹಳೆಯ ಕಡತವೋ ಹೇಳಬೇಕು. ಕಡತದಲ್ಲಿ ಬರೀ ‘ಖಿನ್ನತೆ’ ಎಂದಿದ್ದರೆ ಅದು ‘ಎಫ್ 32.9’, ಅಂದರೆ ‘ವಿವರವಿಲ್ಲದ್ದು’ ಎಂಬ ಸಾಲಿಗೆ ಹೋಗುತ್ತದೆ. ಆಗ ಮುಂದಿನ ವೈದ್ಯರಿಗೆ ಹಿಂದಿನ ಕಥೆ ತಿಳಿಯದು. ಗುಣ ಕಂಡ ಮೇಲೂ ಮಾತ್ರೆಯನ್ನು ಎಷ್ಟು ಕಾಲ ಮುಂದುವರಿಸಬೇಕೆಂಬ ತೀರ್ಮಾನಕ್ಕೆ ಆ ಕಥೆಯೇ ಆಧಾರ.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿನ ಬಲವೂ ಇದೆ. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮನೋರೋಗದ ನಿರ್ಧಾರ ಇಂಥ ಮಾನ್ಯ ವರ್ಗೀಕರಣದಂತೆಯೇ ಆಗಬೇಕು. ವಿಮೆಯೂ ದೇಹದ ಕಾಯಿಲೆಗೆ ಸಮನಾಗಿ ದೊರೆಯಬೇಕು.

2022ರಲ್ಲಿ ಜಾರಿಯಾದ ಹನ್ನೊಂದನೆಯ ಆವೃತ್ತಿಯಲ್ಲಿ ಇದೇ ರೋಗಸ್ಥಿತಿಯ ಸಂಕೇತ ‘6ಎ71.3’. ಅಂಕೆ ಬದಲಾದರೂ ವೈದ್ಯರು ಕೇಳಿ ಬರೆದುಕೊಳ್ಳಬೇಕಾದ ಪ್ರಶ್ನೆ ಹಳೆಯದೇ: ‘ಹಿಂದೆ ಯಾವಾಗಲಾದರೂ ಹೀಗಾಗಿತ್ತೇ?’