ಲೇಹ್‌ಗೆ ಹೋಗುವಾಗ ಕರ್ಪೂರ ಮೂಸಿದರೆ ಆಮ್ಲಜನಕ ಹೆಚ್ಚುತ್ತದೆಯೇ?

ಬೇಸಿಗೆ ರಜೆ ಹತ್ತಿರ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡಲು ಶುರುವಾಗುತ್ತದೆ. ಲಡಾಖ್‌ನಲ್ಲಿ ಮರಗಿಡ ಇಲ್ಲ, ಅದಕ್ಕೇ ಅಲ್ಲಿ ಆಮ್ಲಜನಕ ಕಡಿಮೆ. ಕರ್ಚೀಫಿನಲ್ಲಿ ಕರ್ಪೂರ, ಲವಂಗ, ಓಮ ಕಟ್ಟಿಕೊಂಡು ಆಗಾಗ ಮೂಸುತ್ತಿರಿ, ರಕ್ತದಲ್ಲಿ ಆಮ್ಲಜನಕ ಏರುತ್ತದೆ. ಬೆಳ್ಳುಳ್ಳಿ ಅಗಿಯಿರಿ, ದಿನಕ್ಕೆ ಐದು ಲೀಟರ್ ನೀರು ಕುಡಿಯಿರಿ. ಕೊನೆಗೆ, ‘ಎಲ್ಲರಿಗೂ ಕಳಿಸಿ, ಒಂದು ಜೀವ ಉಳಿಯಬಹುದು’.

ಕಳಿಸುವವರ ಉದ್ದೇಶ ಒಳ್ಳೆಯದೇ ಇರುತ್ತದೆ. ಈಗ ಲೇಹ್‌ಗೆ ಮಾತ್ರವಲ್ಲ, ನೇಪಾಳದ ಎವರೆಸ್ಟ್ ಬೇಸ್ ಕ್ಯಾಂಪ್, ಆಫ್ರಿಕಾದ ಕಿಲಿಮಂಜಾರೊ, ಪೆರುವಿನ ಕುಸ್ಕೊ, ಬೊಲಿವಿಯಾದ ಉಯುನಿ ಉಪ್ಪಿನ ಬಯಲಿಗೂ ನಮ್ಮವರು ಹೋಗಿಬರುತ್ತಿದ್ದಾರೆ. ಹೋಗುವವರ ಫೋನಿಗೆ ಇದೇ ಸಂದೇಶ ಊರಿನ ಹೆಸರು ಬದಲಾಯಿಸಿಕೊಂಡು ಬರುತ್ತದೆ. ಆದರೆ ಇದನ್ನು ನಂಬಿ ಮೇಲೆ ಹೋದವರಿಗೆ ಅಪಾಯ ಹೆಚ್ಚು. ಯಾಕೆ ಎನ್ನುವುದನ್ನು ನೋಡೋಣ.

ಮರ ಇಲ್ಲದ್ದಕ್ಕೆ ಆಮ್ಲಜನಕ ಕಡಿಮೆಯೇ?

ಅಲ್ಲ. ಗಾಳಿಯಲ್ಲಿ ಆಮ್ಲಜನಕದ ಪಾಲು ಬಂಡೀಪುರದ ಕಾಡಿನಲ್ಲೂ ಶೇ. 20.9, ಒಂದು ಹುಲ್ಲುಕಡ್ಡಿ ಇಲ್ಲದ ಕಛ್‌ನ ರಣ್‌ನಲ್ಲೂ ಅಷ್ಟೇ, ಲೇಹ್‌ನಲ್ಲೂ ಅಷ್ಟೇ. ಗಾಳಿ ಸದಾ ಬೆರೆಯುತ್ತಿರುವುದರಿಂದ ಒಂದು ಊರಿನ ಮರಗಳ ಲೆಕ್ಕಕ್ಕೂ ಅಲ್ಲಿನ ಆಮ್ಲಜನಕಕ್ಕೂ ಸಂಬಂಧವಿಲ್ಲ.

ಬದಲಾಗುವುದು ಗಾಳಿಯ ಒತ್ತಡ. ಹತ್ತಿ ಹಾಸಿಗೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಅಡಿಯ ಹಾಸಿಗೆ ಒತ್ತಿಹೋಗಿ ಗಟ್ಟಿಯಾಗಿರುತ್ತದೆ, ಮೇಲಿನದು ಉಬ್ಬಿಕೊಂಡಿರುತ್ತದೆ. ಗಾಳಿಯೂ ಹಾಗೆಯೇ. ಸಮುದ್ರ ಮಟ್ಟದ ಒತ್ತಡವನ್ನು ನೂರು ಎಂದಿಟ್ಟುಕೊಂಡರೆ ಬೆಂಗಳೂರಿನಲ್ಲಿ ಅದು ಸುಮಾರು ತೊಂಬತ್ತು. 3,500 ಮೀಟರ್ ಎತ್ತರದ ಲೇಹ್ ಪಟ್ಟಣದಲ್ಲಿ ಅರವತ್ತೈದರ ಆಸುಪಾಸು. 5,500 ಮೀಟರ್‌ನಲ್ಲಿ ಅರ್ಧ. ಎವರೆಸ್ಟ್ ತುದಿಯಲ್ಲಿ ಮೂರನೇ ಒಂದು ಪಾಲು. ಉಸಿರು ಅಷ್ಟೇ ಉದ್ದ ಎಳೆದರೂ ಒಳಗೆ ಹೋಗುವ ಆಮ್ಲಜನಕದ ಕಣಗಳು ಕಡಿಮೆ. ನಮ್ಮ ಮುಳ್ಳಯ್ಯನಗಿರಿ ಎರಡು ಸಾವಿರ ಮೀಟರ್‌ಗಿಂತ ಕೆಳಗೇ ಇದೆ. ಈ ತೊಂದರೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರ್ ದಾಟಿದ ಮೇಲೆ. ಹಾಗಾಗಿ ‘ನಾನು ಚಿಕ್ಕಮಗಳೂರಿನ ಬೆಟ್ಟಗಳನ್ನೆಲ್ಲ ಸಲೀಸಾಗಿ ಹತ್ತಿದ್ದೇನೆ’ ಎನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಈ ಕಾಯಿಲೆ ಹೊಸದಲ್ಲ. ಎರಡು ಸಾವಿರ ವರ್ಷದ ಹಿಂದಿನ ಚೀನೀ ದಾಖಲೆಯೊಂದರಲ್ಲಿ ಪಶ್ಚಿಮದ ದಾರಿಯ ಬೆಟ್ಟಗಳಿಗೆ ‘ದೊಡ್ಡ ತಲೆನೋವು’, ‘ಚಿಕ್ಕ ತಲೆನೋವು’ ಎಂದೇ ಹೆಸರಿದೆ. ಕಾರಣವನ್ನು ಪ್ರಯೋಗ ಮಾಡಿ ತೋರಿಸಿದವನು ಫ್ರಾನ್ಸಿನ ಪಾಲ್ ಬರ್ಟ್. ಅವನ ಪುಸ್ತಕ ಬಂದಿದ್ದು 1878ರಲ್ಲಿ. ಅದಕ್ಕೂ ಮೂರು ವರ್ಷ ಮೊದಲು ‘ಜೆನಿತ್’ ಎಂಬ ಬಲೂನಿನಲ್ಲಿ ಮೂವರು ಎಂಟು ಸಾವಿರ ಮೀಟರ್‌ವರೆಗೆ ಏರಿದರು. ಜೊತೆಯಲ್ಲಿ ಆಮ್ಲಜನಕದ ಚೀಲಗಳಿದ್ದವು. ಆದರೆ ಆಮ್ಲಜನಕ ಕಡಿಮೆಯಾದಾಗ ಮೊದಲು ಮಂಕಾಗುವುದು ಬುದ್ಧಿಯೇ. ಚೀಲ ಎತ್ತಿಕೊಳ್ಳಬೇಕು ಎನ್ನುವ ಹೊತ್ತಿಗೆ ಕೈ ಏಳಲಿಲ್ಲ. ಇಬ್ಬರು ಸತ್ತರು. ಈ ಬುದ್ಧಿ ಮಂಕಾಗುವ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೈ ಹೊಂದಿಕೊಳ್ಳಲು ದಿನಗಳು ಯಾಕೆ ಬೇಕು?

ಎತ್ತರಕ್ಕೆ ಹೋದ ಕೂಡಲೇ ಉಸಿರಾಟ ಜೋರಾಗುತ್ತದೆ. ಆಗ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ರಕ್ತ ಕ್ಷಾರದ ಕಡೆ ವಾಲುತ್ತದೆ. ಅದನ್ನು ಕಂಡ ಮೆದುಳು ‘ಉಸಿರು ಸಾಕು’ ಎಂದು ತಡೆ ಹಾಕುತ್ತದೆ. ಒಂದು ಕಡೆ ಆಮ್ಲಜನಕ ಬೇಕು, ಇನ್ನೊಂದು ಕಡೆ ಉಸಿರಿಗೆ ತಡೆ. ಮೊದಲ ರಾತ್ರಿಗಳಲ್ಲಿ ಮಲಗಿದವರ ಉಸಿರು ಕೆಲವು ಸೆಕೆಂಡ್ ನಿಂತು, ಮತ್ತೆ ಏದುಸಿರಿನಂತೆ ಶುರುವಾಗುವುದು ಇದರಿಂದಲೇ. ಪಕ್ಕದಲ್ಲಿ ಮಲಗಿದವರು ಗಾಬರಿಯಾಗುತ್ತಾರೆ, ಆದರೆ ಅಷ್ಟೇ ಆದರೆ ಅಪಾಯವಿಲ್ಲ. ಮೂತ್ರಪಿಂಡಗಳು ಹೆಚ್ಚಿನ ಕ್ಷಾರವನ್ನು ಮೂತ್ರದಲ್ಲಿ ಹೊರಹಾಕಿದ ಮೇಲೆ ಉಸಿರಾಟದ ತಡೆ ಸಡಿಲವಾಗುತ್ತದೆ. ಅದಕ್ಕೆ ಎರಡು ಮೂರು ದಿನ ಹಿಡಿಯುತ್ತದೆ.

‘ಎರಡೇ ದಿನದಲ್ಲಿ ಕೆಂಪು ರಕ್ತಕಣ ಹೆಚ್ಚುತ್ತವೆ’ ಎನ್ನುವ ಮಾತೂ ಓಡಾಡುತ್ತದೆ. ಅದಕ್ಕೆ ಬೇಕಾದ ಹಾರ್ಮೋನು ಕೆಲವು ಗಂಟೆಗಳಲ್ಲೇ ಏರುವುದು ನಿಜ. ಆದರೆ ರಕ್ತಕಣಗಳು ಗಮನಾರ್ಹವಾಗಿ ಹೆಚ್ಚಲು ವಾರಗಳು ಬೇಕು, ಅಷ್ಟರಲ್ಲಿ ನಿಮ್ಮ ರಜೆ ಮುಗಿದಿರುತ್ತದೆ.

ಡಯಾಮಾಕ್ಸ್ ಎಂಬ ಹೆಸರಿನಲ್ಲಿ ಸಿಗುವ ಅಸೆಟಜೋಲಮೈಡ್ ಮಾತ್ರೆ ಮಾಡುವುದು ಈ ಮೂತ್ರಪಿಂಡದ ಕೆಲಸವನ್ನು ಬೇಗ ಮಾಡಿಸುವುದನ್ನೇ. ಮೇಲೆ ಹೋಗುವ ಮುನ್ನ ಶುರು ಮಾಡಿದರೆ ಇದು ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. ಆದರೆ ಎಲ್ಲರಿಗೂ ಆಗದು, ಕೆಲವರಿಗೆ ಅಲರ್ಜಿ ಆಗುತ್ತದೆ, ಬೆರಳು ಜುಮ್ಮೆನ್ನುತ್ತದೆ. ಎಷ್ಟು, ಯಾವಾಗ ಎನ್ನುವುದನ್ನು ವೈದ್ಯರು ಹೇಳಬೇಕು, ಫಾರ್ವರ್ಡ್ ಅಲ್ಲ.

ಹಾಗಾದರೆ ಕರ್ಪೂರ ಮೂಸಿದಾಗ ಹಾಯೆನಿಸುವುದು ಸುಳ್ಳೇ?

ಹಾಯೆನಿಸುವುದು ನಿಜ, ತೊಂದರೆ ಇರುವುದೇ ಅಲ್ಲಿ. ಕರ್ಪೂರ, ನೀಲಗಿರಿ ಎಣ್ಣೆ, ಮೆಂಥಾಲ್ ಇವೆಲ್ಲ ಮೂಗಿನೊಳಗಿನ ತಂಪು ಗ್ರಹಿಸುವ ನರಗಳನ್ನು ಚುರುಕುಗೊಳಿಸುತ್ತವೆ. ತಣ್ಣನೆ ಗಾಳಿ ಧಾರಾಳವಾಗಿ ಒಳಗೆ ಹೋದಂತೆ ಮೆದುಳಿಗೆ ಅನಿಸುತ್ತದೆ. 1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ಮೂರನ್ನೂ ಮೂಸಿಸಿ ಮೂಗಿನಲ್ಲಿ ಗಾಳಿಗೆ ಇರುವ ಅಡ್ಡಿಯನ್ನು ಯಂತ್ರದಿಂದ ಅಳೆದು ನೋಡಿದರು. ಮೂಸಿದವರು ಉಸಿರು ಸರಾಗವಾಯಿತು ಎಂದರು. ಯಂತ್ರದಲ್ಲಿ ಏನೂ ಬದಲಾಗಿರಲಿಲ್ಲ. ಮೂಗಿನ ಕಥೆಯೇ ಇಷ್ಟಾದರೆ ರಕ್ತದ ಆಮ್ಲಜನಕ ಏರುವ ಮಾತೇ ಇಲ್ಲ. ಸುತ್ತಲಿನ ಗಾಳಿಯ ಒತ್ತಡವನ್ನು ಕರ್ಪೂರ ಬದಲಾಯಿಸಲಾರದು.

ಮೈ ‘ಇಳಿ’ ಎಂದು ಹೇಳುತ್ತಿರುವಾಗ ಮೂಗು ‘ಎಲ್ಲ ಸರಿಯಿದೆ’ ಎನ್ನುತ್ತದೆ, ಗಾಡಿ ಮುಂದಕ್ಕೆ ಹೋಗುತ್ತದೆ. ಪೂಜೆಯ ಕರ್ಪೂರವನ್ನು ಮಕ್ಕಳು ಬಾಯಿಗೆ ಹಾಕಿಕೊಂಡರೆ ಸ್ವಲ್ಪದರಲ್ಲೇ ಫಿಟ್ಸ್ ಬರಬಹುದು ಎನ್ನುವುದೂ ಗೊತ್ತಿರಲಿ. ಮಗುವಿನ ಕುತ್ತಿಗೆಗೆ ಕರ್ಪೂರದ ಗಂಟು ಕಟ್ಟಿ ಪ್ರವಾಸಕ್ಕೆ ಕರೆದೊಯ್ಯುವುದು ಬೇಡವೇ ಬೇಡ.

ಬೆಳ್ಳುಳ್ಳಿ ಸೂಪು ನೇಪಾಳದ ಚಾರಣದ ದಾರಿಯ ವಸತಿಗಳಲ್ಲಿ ಸಿಗುತ್ತದೆ. ಚಳಿಯಲ್ಲಿ ಬಿಸಿಬಿಸಿ ಕುಡಿಯಲು ಚೆನ್ನ, ಕುಡಿಯಿರಿ, ಆದರೆ ಅದು ಔಷಧವಲ್ಲ. ನೀರನ್ನು ಬಾಯಾರಿಕೆ ನೀಗುವಷ್ಟು ಕುಡಿದರೆ ಸಾಕು. ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅದರಿಂದಲೂ ತಲೆನೋವು, ವಾಂತಿ ಬರುತ್ತವೆ. ಪೆರು, ಬೊಲಿವಿಯಾದ ಹೋಟೆಲುಗಳಲ್ಲಿ ಕೋಕಾ ಎಲೆಯ ಚಹಾ ಕೊಡುತ್ತಾರೆ. ಅಲ್ಲಿ ಅದು ನಿತ್ಯದ ಪಾನೀಯ. ಆದರೆ ಅದರ ಪೊಟ್ಟಣಗಳನ್ನು ನೆನಪಿಗೆಂದು ಚೀಲದಲ್ಲಿ ಹಾಕಿಕೊಂಡು ಬರಬೇಡಿ. ನಮ್ಮ ದೇಶದ ಮಾದಕವಸ್ತು ಕಾಯ್ದೆಯಲ್ಲಿ ಕೋಕಾ ಎಲೆಗೂ ನಿಷೇಧವಿದೆ.

ಇನ್ನು ಅಂಗಡಿಗಳಲ್ಲಿ ಮಾರುವ ಆಕ್ಸಿಜನ್ ಕ್ಯಾನ್. ಸುಮ್ಮನೆ ಕೂತವರೂ ನಿಮಿಷಕ್ಕೆ ಆರು ಲೀಟರ್‌ನಷ್ಟು ಗಾಳಿ ಎಳೆದುಕೊಳ್ಳುತ್ತಾರೆ. ಹತ್ತು ಲೀಟರ್‌ನ ಕ್ಯಾನ್ ಎಷ್ಟು ಹೊತ್ತು ಬರುತ್ತದೆ ಎಂದು ನೀವೇ ಲೆಕ್ಕ ಹಾಕಿ. ಆಸ್ಪತ್ರೆಯಲ್ಲಿ ಸಿಲಿಂಡರ್‌ನಿಂದ ಗಂಟೆಗಟ್ಟಲೆ ಕೊಡುವ ಆಮ್ಲಜನಕ ಜೀವ ಉಳಿಸುತ್ತದೆ. ಕ್ಯಾನಿನದು ಕೆಲವು ನಿಮಿಷದ ಸಮಾಧಾನ.

ಯಾವ ಲಕ್ಷಣಕ್ಕೆ ಕಾಯಬೇಕು, ಯಾವುದಕ್ಕೆ ಓಡಬೇಕು?

ತಲುಪಿದ ಆರರಿಂದ ಹನ್ನೆರಡು ಗಂಟೆಗಳಲ್ಲಿ ತಲೆನೋವು, ಜೊತೆಗೆ ಹೊಟ್ಟೆ ತೊಳಸುವುದು, ಸುಸ್ತು, ತಲೆಸುತ್ತು ಇವುಗಳಲ್ಲಿ ಒಂದೆರಡು ಸೇರಿದರೆ ಅದು ಎತ್ತರದ ಕಾಯಿಲೆ ಎಂದೇ ಇಟ್ಟುಕೊಳ್ಳಿ. ‘ಪ್ರಯಾಣದ ಆಯಾಸ’, ‘ಗ್ಯಾಸ್ ಆಗಿದೆ’ ಎಂದು ತಳ್ಳಿಹಾಕಬೇಡಿ. ಅಲ್ಲೇ ಉಳಿದು ವಿಶ್ರಾಂತಿ ಪಡೆದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಇಳಿಯುವವರೆಗೆ ಇನ್ನೂ ಮೇಲೆ ಹೋಗಬಾರದು. ಮದ್ಯ, ನಿದ್ರೆ ಮಾತ್ರೆ ಉಸಿರಾಟವನ್ನು ಇನ್ನಷ್ಟು ಕುಗ್ಗಿಸುತ್ತವೆ, ಆ ದಿನಗಳಲ್ಲಿ ಎರಡೂ ಬೇಡ.

ಶ್ವಾಸಕೋಶದಲ್ಲಿ ನೀರು ತುಂಬುವುದು ಇದಕ್ಕಿಂತ ಗಂಭೀರ. ವೈದ್ಯರು ಇದನ್ನು ಹೇಪ್ ಎನ್ನುತ್ತಾರೆ. ಇದು ಬರುವುದು ಹೆಚ್ಚಾಗಿ ಎರಡರಿಂದ ನಾಲ್ಕನೇ ದಿನದೊಳಗೆ, ಬಹಳ ಸಲ ರಾತ್ರಿ. ನಾಲ್ಕು ಹೆಜ್ಜೆಗೇ ಸುಸ್ತು, ಕೂತರೂ ಏದುಸಿರು, ಒಣಕೆಮ್ಮು, ಆಮೇಲೆ ನೊರೆಯಂಥ ಕಫ. ಮೊದಲು ತಲೆನೋವು ಬಂದಿರಲೇಬೇಕು ಎಂದೇನೂ ಇಲ್ಲ. ಹಿಂದೆ ಇದನ್ನು ನ್ಯುಮೋನಿಯಾ ಎಂದುಕೊಳ್ಳುತ್ತಿದ್ದರು. ಅಮೆರಿಕದ ವೈದ್ಯ ಚಾರ್ಲ್ಸ್ ಹ್ಯೂಸ್ಟನ್ 1960ರಲ್ಲಿ ಇದು ಸೋಂಕಲ್ಲ, ಎತ್ತರದಿಂದಲೇ ಬರುವಂಥದ್ದು ಎಂದು ಬರೆದರು. ಅದಾದ ಸ್ವಲ್ಪ ಕಾಲಕ್ಕೆ, 1962ರ ಯುದ್ಧದಲ್ಲಿ ನಮ್ಮ ಸೈನಿಕರನ್ನು ಬಯಲುಸೀಮೆಯಿಂದ ನೇರವಾಗಿ ಹಿಮಾಲಯದ ಎತ್ತರಕ್ಕೆ ಕಳಿಸಬೇಕಾಗಿ ಬಂತು. ಈ ಕಾಯಿಲೆಯ ಬಗ್ಗೆ ಜಗತ್ತಿಗೆ ಗೊತ್ತಿರುವುದರಲ್ಲಿ ಒಂದು ದೊಡ್ಡ ಪಾಲು ಭಾರತೀಯ ಸೇನೆಯ ವೈದ್ಯರಿಂದ ಬಂದದ್ದು. 1,925 ಸೈನಿಕರಲ್ಲಿ ಕಂಡ ಎತ್ತರದ ಕಾಯಿಲೆಯ ಬಗ್ಗೆ ಇಂದರ್ ಸಿಂಗ್ ಮತ್ತು ಜೊತೆಗಾರರು 1969ರಲ್ಲಿ ಪ್ರಕಟಿಸಿದ ವರದಿಯನ್ನು ವೈದ್ಯರು ಇಂದಿಗೂ ಉಲ್ಲೇಖಿಸುತ್ತಾರೆ.

ಮೆದುಳು ಊದಿಕೊಳ್ಳುವುದೂ ಅಷ್ಟೇ ಗಂಭೀರ. ಮಾತು ತೊದಲುತ್ತದೆ, ಗೊಂದಲ, ಕುಡಿದವರಂತೆ ತೂರಾಟ. ಮನೆಯವರೇ ಮಾಡಬಹುದಾದ ಒಂದು ಸುಲಭ ಪರೀಕ್ಷೆ ಇದೆ: ಒಂದು ಪಾದದ ಹೆಬ್ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತ ನೇರ ಗೆರೆಯಲ್ಲಿ ನಡೆಸಿ. ವಾಲಿದರೆ ಹೊರಡುವ ಹೊತ್ತಾಯಿತು. ರೋಗಿಯ ಮಾತು ಕೇಳಬೇಡಿ. ‘ನನಗೇನೂ ಆಗಿಲ್ಲ, ಮಲಗಿದರೆ ಸರಿಹೋಗುತ್ತೆ’ ಎಂದೇ ಹೇಳುತ್ತಾರೆ. ಬಲೂನಿನವರ ಕಥೆ ನೆನಪಿಸಿಕೊಳ್ಳಿ.

ಈ ಎರಡಕ್ಕೂ ಮದ್ದು ಕೆಳಗೆ ಇಳಿಯುವುದು. ಬೆಳಗಾಗಲಿ ಎಂದು ಕಾಯುವಂತಿಲ್ಲ, ರೋಗಿಯನ್ನು ಒಂಟಿಯಾಗಿ ಕಳಿಸುವಂತಿಲ್ಲ, ನಡೆಸುವುದಕ್ಕಿಂತ ಹೊತ್ತೊಯ್ಯುವುದು ಮೇಲು. ಸಾಧ್ಯವಾದರೆ ಸಾವಿರ ಮೀಟರ್‌ನಷ್ಟು ಇಳಿಯಬೇಕು. ಮುನ್ನೂರು ಮೀಟರ್ ಇಳಿದರೂ ಎಷ್ಟೋ ಸಲ ವ್ಯತ್ಯಾಸ ಕಾಣುತ್ತದೆ. ಇಳಿಯಲು ದಾರಿಯೇ ಇಲ್ಲದಾಗ ಬಳಸುವ ‘ಗ್ಯಾಮೊ ಚೀಲ’ ಎಂಬುದಿದೆ. ರೋಗಿಯನ್ನು ಒಳಗೆ ಮಲಗಿಸಿ, ಪಂಪಿನಿಂದ ಗಾಳಿ ತುಂಬಿ, ಕೆಳಗಿನ ಎತ್ತರದ ಒತ್ತಡವನ್ನು ಚೀಲದೊಳಗೇ ತರುತ್ತಾರೆ. ಇದನ್ನು ರೂಪಿಸಿದ ಇಗೋರ್ ಗ್ಯಾಮೊ, ಹೆಸರಾಂತ ಭೌತವಿಜ್ಞಾನಿ ಜಾರ್ಜ್ ಗ್ಯಾಮೊ ಅವರ ಮಗ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಬಗ್ಗೆ ಒಂದು ಮಾತು. ಕೋವಿಡ್ ಕಾಲದಲ್ಲಿ 94ಕ್ಕಿಂತ ಕೆಳಗೆ ಇಳಿದರೆ ಹೆದರುತ್ತಿದ್ದೆವು. ಲೇಹ್‌ನಲ್ಲಿ ಮೊದಲ ದಿನ ಆರೋಗ್ಯವಂತರಲ್ಲೂ 90ರ ಆಸುಪಾಸು, ಕೆಲವರಲ್ಲಿ ಇನ್ನೂ ಕೆಳಗೆ ತೋರಿಸುತ್ತದೆ. ಬೆರಳು ತಣ್ಣಗಿದ್ದರೆ ಸಂಖ್ಯೆಯೇ ತಪ್ಪಬಹುದು. ಸಂಖ್ಯೆ ಚೆನ್ನಾಗಿದೆ ಎಂದು ಏದುಸಿರನ್ನು ಕಡೆಗಣಿಸಬೇಡಿ.

ಮಲಗುವ ಎತ್ತರ ನೋಡಿ ದಾರಿ ಆರಿಸಿ

3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿಯಿಂದ ಮುಂದಿನ ರಾತ್ರಿಗೆ ಮಲಗುವ ಜಾಗದ ಎತ್ತರ 500 ಮೀಟರ್‌ಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಒಂದು ದಿನ ಬಿಡಬೇಕು ಎಂಬುದು ವೈದ್ಯರ ಸಾಮಾನ್ಯ ಸಲಹೆ. ಹಗಲು ಎಷ್ಟು ಎತ್ತರ ಮುಟ್ಟಿ ಬಂದಿರಿ ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎನ್ನುವುದು ಮುಖ್ಯ. ನುಬ್ರಾ ಕಣಿವೆಯ ದಿಸ್ಕಿತ್, ಹುಂಡರ್‌ಗಳಿಗೆ ಹೋಗಲು 5,359 ಮೀಟರ್‌ನ ಖಾರ್ದುಂಗ್ ಲಾ ದಾಟಬೇಕು, ನಿಜ. ಆದರೆ ಆ ಊರುಗಳು ಲೇಹ್‌ಗಿಂತ ಕೆಳಗಿವೆ. ಪಾಂಗಾಂಗ್ ಸರೋವರದ ದಂಡೆ 4,200 ಮೀಟರ್‌ಗಿಂತ ಮೇಲೆ. ಹಾಗಾಗಿ ಲೇಹ್, ಆಮೇಲೆ ನುಬ್ರಾ, ಕೊನೆಗೆ ಪಾಂಗಾಂಗ್ ಎಂಬ ಕ್ರಮ ಮೈಗೆ ಸುಲಭ. (ಖಾರ್ದುಂಗ್ ಲಾ ಜಗತ್ತಿನ ಅತಿ ಎತ್ತರದ ವಾಹನ ರಸ್ತೆ ಎನ್ನುವ ಫಾರ್ವರ್ಡ್ ಕೂಡ ಸರಿಯಲ್ಲ. ಲಡಾಖ್‌ನದೇ ಉಮ್ಲಿಂಗ್ ಲಾ ಅದಕ್ಕಿಂತ ಎತ್ತರ.) ಪೆರುವಿನಲ್ಲೂ ಇದೇ ಉಪಾಯ: ಕುಸ್ಕೊ 3,400 ಮೀಟರ್, ಮಚು ಪಿಚು 2,430. ಕುಸ್ಕೊದಲ್ಲಿ ಇಳಿದವರು ಮೊದಲ ರಾತ್ರಿಗಳನ್ನು ಕೆಳಗಿನ ಕಣಿವೆಯಲ್ಲಿ ಕಳೆದು ಆಮೇಲೆ ಮೇಲೆ ಬರುವುದು ಒಳ್ಳೆಯದು.

ವಿಮಾನದಲ್ಲಿ ಲೇಹ್‌ಗೆ ಹೋಗುವವರಿಗೆ ಒಂದು ವಿಚಿತ್ರ ಕಾದಿರುತ್ತದೆ. ವಿಮಾನದೊಳಗಿನ ಒತ್ತಡವನ್ನು ಸಾಮಾನ್ಯವಾಗಿ 2,400 ಮೀಟರ್ ಎತ್ತರದಲ್ಲಿರುವುದಕ್ಕಿಂತ ಕಡಿಮೆಯಾಗಲು ಬಿಡುವುದಿಲ್ಲ. ಲೇಹ್ ನಿಲ್ದಾಣ ಇರುವುದು 3,256 ಮೀಟರ್‌ನಲ್ಲಿ, ಬೊಲಿವಿಯಾದ ಎಲ್ ಆಲ್ಟೊ 4,061ರಲ್ಲಿ. ಅಂದರೆ ವಿಮಾನ ನೆಲಕ್ಕೆ ಇಳಿಯುತ್ತಿದ್ದರೂ ಒಳಗಿನವರ ಪಾಲಿಗೆ ಅದು ಏರಿದಂತೆಯೇ. ಬೆಳಗ್ಗೆ ದೆಹಲಿ, ತಿಂಡಿಯ ಹೊತ್ತಿಗೆ ಲೇಹ್. ಮೈಗೆ ಏನೂ ತಿಳಿಯುವ ಮೊದಲೇ ತಲುಪಿರುತ್ತೀರಿ. ಮೊದಲ ಎರಡು ದಿನ ಸುಮ್ಮನೆ ಇರಿ ಎಂದು ಅಲ್ಲಿನವರು ಹೇಳುವುದು ಹೋಟೆಲ್ ಬಾಡಿಗೆಯ ಆಸೆಗಲ್ಲ.

ಜಿಮ್ ಮಾಡುವವರು, ಮ್ಯಾರಥಾನ್ ಓಡುವವರು ತಮಗೆ ಇದು ಬರುವುದಿಲ್ಲ ಎಂದುಕೊಳ್ಳುತ್ತಾರೆ. ದೇಹದ ಕಸುವು ಇದರಿಂದ ಕಾಪಾಡುವುದಿಲ್ಲ. ಕಸುವಿದ್ದವರು ಬೇಗಬೇಗ ಏರಿಬಿಡುವುದರಿಂದ ಕೆಲವೊಮ್ಮೆ ಅವರೇ ಮೊದಲು ಮಲಗುತ್ತಾರೆ. ಹಿಂದೊಮ್ಮೆ ಬಂದವರಿಗೆ ಮತ್ತೆ ಬರುವ ಸಾಧ್ಯತೆ ಹೆಚ್ಚು. ಹೃದಯ, ಶ್ವಾಸಕೋಶದ ತೊಂದರೆ ಇರುವವರು, ಗರ್ಭಿಣಿಯರು ಟಿಕೆಟ್ ತೆಗೆಯುವ ಮೊದಲೇ ವೈದ್ಯರನ್ನು ಕೇಳಬೇಕು.

ಒಮ್ಮೆ ಹೊಂದಿಕೊಂಡರೆ ಸದಾಕಾಲ ಸಾಕು ಎನ್ನುವಂತೆಯೂ ಇಲ್ಲ. ವರ್ಷಗಟ್ಟಲೆ ಲಡಾಖ್‌ನಲ್ಲಿದ್ದ ಸೈನಿಕರು ಕೆಲವು ವಾರದ ರಜೆಗೆ ಊರಿಗೆ ಬಂದು ವಿಮಾನದಲ್ಲಿ ಮರಳಿದರೆ, ಕೆಲಸಕ್ಕೆ ಹಾಜರಾಗುವ ಮೊದಲು ಮತ್ತೆ ಕೆಲವು ದಿನ ಕಾಯಲೇಬೇಕು. ಮೊದಲ ಸಲ ಹೋಗುವವರಿಗೆ ಸೇನೆ ಇಟ್ಟಿರುವ ನಿಯಮದಲ್ಲಿ ಲೇಹ್‌ನಂಥ ಎತ್ತರದ ಮೊದಲ ಹಂತಕ್ಕೇ ಆರು ದಿನ. ನಮ್ಮ ಪ್ರವಾಸ ಕಂಪನಿಗಳ ಜಾಹೀರಾತಿನಲ್ಲಿ ಇಡೀ ಲಡಾಖ್ ಐದು ಹಗಲು, ನಾಲ್ಕು ರಾತ್ರಿಯಲ್ಲಿ ಮುಗಿಯುತ್ತದೆ.