ಮಾತು ತಡವಾದ ಮಗು

“ಇವರಪ್ಪನೂ ತಡಾ ಮಾಡೇ ಮಾತಾಡ್ಯಾನ, ಅಂಜಬ್ಯಾಡವಾ.” ಗೋಕಾಕ, ಮೂಡಲಗಿ, ಹುಕ್ಕೇರಿಗಳ ಮನೆಗಳಲ್ಲಿ ಹಿರಿಯರು ಸೊಸೆಗೆ ಹೇಳುವ ಈ ಸಮಾಧಾನವನ್ನು ತಾವೂ ಕೇಳಿರಬಹುದು. ಹಿಂದೆ ಬಹುಮಂದಿಗೆ ಇದೊಂದೇ ಔಷಧವಾಗಿದ್ದಿತು. 1901ರಲ್ಲಿ ಮೈಸೂರಿನಲ್ಲಿ ಕಿವುಡ ಹಾಗೂ ಕುರುಡ ಮಕ್ಕಳ ಶಾಲೆ ತೆರೆಯಿತು. ಆದರೆ ಮಗು ಶಾಲೆಗೆ ಸೇರುವ ವೇಳೆಗೆ ಮಾತು ಕಲಿಯುವ ಎಳೆಯ ವಯಸ್ಸು ಬಹುಮಟ್ಟಿಗೆ ಕಳೆದಿರುತ್ತಿತ್ತು.

1965ರಲ್ಲಿ ಅದೇ ಊರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹುಟ್ಟಿತು. ಜಯಚಾಮರಾಜ ಒಡೆಯರು ನಿವೇಶನವಿತ್ತರು. 1966ರಲ್ಲಿ ರಾಷ್ಟ್ರಪತಿ ರಾಧಾಕೃಷ್ಣನ್ನರು ಅಡಿಗಲ್ಲಿಟ್ಟರು. ಮಾತಿನ ಚಿಕಿತ್ಸೆಯನ್ನು ಕಲಿತವರು ಅಲ್ಲಿ ತಯಾರಾಗತೊಡಗಿದರು. ಆದರೆ ಗೋಕಾಕದಿಂದ ಮೈಸೂರು 500 ಕಿಲೋಮೀಟರಿಗೂ ಹೆಚ್ಚು ದೂರ. ಕೂಲಿ ಬಿಟ್ಟು ಮತ್ತೆ ಮತ್ತೆ ಹೋಗುವುದೆಂತು? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು, ವೈದ್ಯರ ತಂಡವೇ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸುವ ಏರ್ಪಾಡು ಮಾಡಿತು.

ಎರಡು ವರ್ಷ ತುಂಬಿದ ಮಗು ಎರಡು ಪದ ಕೂಡಿಸಿ ಆಡದಿದ್ದರೆ ಕಾಯಬೇಡಿರಿ. ಮೊದಲು ಕಿವಿಯ ಪರೀಕ್ಷೆ ಮಾಡಿಸಿರಿ. ಕೇಳಿಸದ ನುಡಿಯನ್ನು ಮಗು ತಾನಾಗಿ ಕಲಿಯುವುದು ಕಷ್ಟ. ಚಿಕಿತ್ಸಕರು ಹೇಳಿಕೊಟ್ಟುದನ್ನು ಮನೆಯಲ್ಲಿ ದಿನವೂ ನಡೆಸಬೇಕಾದವರು ತಾವೇ. ರೇಡಿಯೋ ಮಾತಾಡುತ್ತದೆ, ಮರುಮಾತಿಗೆ ಕಾಯುವುದಿಲ್ಲ. ಆದುದರಿಂದ ಅದನ್ನು ತುಸು ಹೊತ್ತು ನಿಲ್ಲಿಸಿ, ಮಗುವಿನ ಎದುರು ಕುಳಿತು ಮಾತಾಡಿರಿ. ಅದರ ಉತ್ತರಕ್ಕಾಗಿ ಕಾಯಿರಿ.