ನಂದಿಬೆಟ್ಟದ ಇಳಿಜಾರು ಮತ್ತು ನನ್ನ ಪುಟ್ಟ ಯೆಜ್ಡಿ



ಹಿಂದೆ ವಡಿಗೇನಹಳ್ಳಿ ಎಂದು ಕರೆಯುತ್ತಿದ್ದ ನಮ್ಮ ವಿಜಯಪುರದ ಮನೆಯ ಹಿತ್ತಿಲ ಕೊಟ್ಟಿಗೆಯಲ್ಲಿ, ಗೋಣಿತಾಟಿನ ಕೆಳಗೆ ಒಂದು ಹಳೆಯ 60 ಸಿಸಿ ಯೆಜ್ಡಿ ಕೋಲ್ಟ್ ನಿಂತಿರುವುದನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ. ಮೊನ್ನೆ ನನ್ನ ತಮ್ಮನ ಮಗ ಅದರ ಧೂಳೊರೆಸಿ, "ದೊಡ್ಡಪ್ಪ, ಇದನ್ನು ಸರಿಮಾಡಿಸಿ ನಂದಿಬೆಟ್ಟಕ್ಕೆ ಹೋಗಿಬರಲೇ?" ಎಂದು ಕೇಳಿದ. ನನ್ನ ಎದೆ ಒಮ್ಮೆ ಧಸಕ್ಕೆಂದಿತು. ಕಾರಣವನ್ನು ಹೇಳುವ ಮುನ್ನ ಗಾಡಿಯ ಚರಿತ್ರೆಯನ್ನು ಅರಿಯುವುದು ಒಳಿತು.

1929ರಲ್ಲಿ ಯಾನೆಚೆಕ್ ಎಂಬ ಚೆಕ್ ಉದ್ಯಮಿಯು ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲನ್ನು ತನ್ನ ದೇಶದಲ್ಲಿ ತಯಾರಿಸತೊಡಗಿದನು. ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ 'ಜಾವಾ' ಆಯಿತು. ರುಸ್ತುಂ ಇರಾನಿಯವರು 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಸ್ಥಾಪಿಸಿದರು. ಜಯಚಾಮರಾಜ ಒಡೆಯರು ಉದ್ಘಾಟಿಸಿದ ಆ ಕಾರ್ಖಾನೆಯಿಂದ 1961ರಿಂದ ಗಾಡಿಗಳು ಹೊರಬಂದವು. 1970ರ ದಶಕದಲ್ಲಿ ಹೆಸರು 'ಯೆಜ್ಡಿ' ಎಂದಾಯಿತು. ದೊಡ್ಡ 250 ಸಿಸಿ ಗಾಡಿಗಳ ಜೊತೆಗೆ ಕೋಲ್ಟ್‌ನಂತಹ ಪುಟ್ಟ ಗಾಡಿಯೂ ಅಲ್ಲಿ ಹುಟ್ಟಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಬೇರೊಂದು ಸಂಸ್ಥೆಯಿಂದ ಮರಳಿ ಬಂದವು.

ಇನ್ನು ಬ್ರೇಕಿನ ಕಥೆ. ಎತ್ತಿನ ಗಾಡಿಯ ಚಕ್ರಕ್ಕೆ ಮರದ ತುಂಡನ್ನು ಹೊರಗಿನಿಂದ ಒತ್ತುತ್ತಿದ್ದ ಕಾಲವಿತ್ತು. ಒಳಗಿನಿಂದ ಒತ್ತುವ ಡ್ರಮ್ ಬ್ರೇಕಿನ ಕೀರ್ತಿಯನ್ನು 1902ರ ಫ್ರಾನ್ಸಿನ ಲೂಯಿ ರೆನೋಗೆ ಸಲ್ಲಿಸುವುದು ವಾಡಿಕೆ. ಕೇಬಲ್ ಎಳೆದಾಗ ಕ್ಯಾಮ್ ತಿರುಗಿ, ಅರ್ಧಚಂದ್ರಾಕೃತಿಯ ಎರಡು ಶೂಗಳನ್ನು ಡ್ರಮ್ಮಿನ ಒಳಮೈಗೆ ಒತ್ತುತ್ತದೆ. ತಿರುಗುವ ಡ್ರಮ್ಮು ಒಂದು ಶೂವನ್ನು ತನ್ನತ್ತ ಎಳೆದುಕೊಂಡು ಹಿಡಿತವನ್ನು ಹೆಚ್ಚಿಸುತ್ತದೆ. ಆದರೆ ಬಹುಕಾಲ ಒತ್ತಿದರೆ ಡ್ರಮ್ಮು ಕಾದು ಹಿಗ್ಗಿ, ಹಿಡಿತ ಸಡಿಲವಾಗುತ್ತದೆ. ಜೊತೆಗೆ ಟೂ-ಸ್ಟ್ರೋಕ್ ಎಂಜಿನ್ನು ಇಳಿಜಾರಿನಲ್ಲಿ ಗಾಡಿಯನ್ನು ತಡೆದು ಹಿಡಿಯುವುದು ಅತ್ಯಲ್ಪ.

1987ರ ಒಂದು ಭಾನುವಾರ ತಮ್ಮನನ್ನು ಹಿಂದೆ ಕೂರಿಸಿಕೊಂಡು, 1478 ಮೀಟರ್ ಎತ್ತರದ ನಂದಿಬೆಟ್ಟದಿಂದ ಇಳಿಯುತ್ತಿದ್ದೆ. ಒಂದು ತಿರುವಿನಲ್ಲಿ ಬಸ್ಸು ಎದುರಾಯಿತು. ಬ್ರೇಕಿನ ಹಿಡಿ ಪೂರ್ತಿ ಕೈಗೆ ಬಂದರೂ ಗಾಡಿ ನಿಲ್ಲಲಿಲ್ಲ. ಬೆಟ್ಟದ ಕಡೆಯ ಲಂಟಾನ ಪೊದೆಗೆ ನುಗ್ಗಿಸಿದೆ. ನನಗೆ ಗೀರುಗಳಷ್ಟೇ ಆದವು. ತಮ್ಮನ ಎಡಗೈ ಮುರಿಯಿತು.

ಮನೆಯಲ್ಲಿ "ಹಸು ಅಡ್ಡ ಬಂತು" ಎಂದೆ. ಅದು ಸುಳ್ಳು. ಹಿಂದಿನ ದಿನ ಬ್ರೇಕು ಬಿಗಿಯಾಗಿದೆಯೆಂದು ನಾನೇ ಚಕ್ರ ಬಿಚ್ಚಿ, ಕ್ಯಾಮಿಗೆ ಧಾರಾಳವಾಗಿ ಗ್ರೀಸು ಮೆತ್ತಿದ್ದೆ. ಕಾವಿಗೆ ಅದು ಕರಗಿ ಲೈನಿಂಗಿಗೆ ಇಳಿದಿತ್ತು. ಗಾಡಿಯ ದೋಷವಲ್ಲ, ಅರೆತಿಳಿವಿನ ದೋಷ. ನಿಜ ಗೊತ್ತಿದ್ದೂ ತಮ್ಮ ಇಂದಿನವರೆಗೆ ಒಬ್ಬರಿಗೂ ಹೇಳಿಲ್ಲ.

ಆದ್ದರಿಂದ ಈ ಬಾರಿ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಊರಿನ ಅನುಭವಿ ಮೆಕ್ಯಾನಿಕ್ ಒಬ್ಬರ ಕೈಯಲ್ಲಿ ಕ್ರಮವಾಗಿ ಮಾಡಿಸಿದೆ. ಹಳೆಯ ಲೈನಿಂಗಿನ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಊದದೆ, ಒದ್ದೆ ಬಟ್ಟೆಯಿಂದ ಒರೆಸಿದೆವು. ಜಿಡ್ಡು ಕುಡಿದ ಶೂಗಳನ್ನು ಉಜ್ಜಿ ಉಳಿಸಲಾಗದು, ಹೊಸ ಲೈನಿಂಗ್ ಹಾಕಿಸಿದೆವು. ಡ್ರಮ್ಮಿನ ಹೊಳಪನ್ನು ಎಮರಿ ಕಾಗದದಿಂದ ತೆಗೆದೆವು. ಕ್ಯಾಮಿಗೆ ಸಾಸಿವೆಯಷ್ಟೇ ಗ್ರೀಸು. ಎಳೆ ಹರಿದ ಕೇಬಲ್ಲನ್ನು ಬದಲಿಸಿದೆವು. ಕೊನೆಗೆ ಆಕ್ಸಲ್ ನಟ್ಟನ್ನು ಸಡಿಲಿಸಿ, ಚಕ್ರ ತಿರುಗಿಸಿ, ಬ್ರೇಕು ಹಿಡಿದೇ ನಟ್ಟು ಬಿಗಿದಾಗ ಶೂಗಳು ಡ್ರಮ್ಮಿನ ನಡುವೆ ಸರಿಯಾಗಿ ಕೂತವು. ಬರಿದೇ ಕೇಬಲ್ ಬಿಗಿಮಾಡುವುದು ರೋಗವನ್ನು ಬಿಟ್ಟು ಜ್ವರಕ್ಕೆ ಮಾತ್ರ ಮದ್ದು ಕೊಟ್ಟಂತೆ.

ಗಾಡಿ ಈಗ ಮನೆಯ ಮುಂದಿನ ಬೀದಿಯಲ್ಲಿ ಚೆನ್ನಾಗಿ ನಿಲ್ಲುತ್ತದೆ. ಆದರೂ ಬೆಟ್ಟಕ್ಕೆ ಬೇಡವೆಂದೆ, ದೇವನಹಳ್ಳಿಯ ಕೋಟೆಯವರೆಗೆ ಹೋಗಿಬರಲು ಅನುಮತಿ ಕೊಟ್ಟೆ. ಹುಡುಗ ಹೊರಡುವ ಮುನ್ನ, ಅವನಪ್ಪನ ಎದುರಿನಲ್ಲೇ, ಹಸುವಿನ ಕಥೆಯ ನಿಜವನ್ನು ಹೇಳಿದೆ. ತಮ್ಮ ತನ್ನ ಎಡಗೈಯನ್ನು ಸವರಿಕೊಂಡು ನಕ್ಕು, "ಅಣ್ಣಾ, ಆ ಹಸುವಿಗೆ ಈಗಲಾದರೂ ಬಿಡುಗಡೆಯಾಯಿತು" ಎಂದನು.